ಹದಿನೈದನೇ ನಂಬರಿನ ಗೋಡೆ

ಅಪ್ಪಯ್ಯಣ್ಣ ಕೂತದ್ದನ್ನು ನಾನು ನೋಡಿಲ್ಲ. ಮೂರು ವರ್ಷ ಪಕ್ಕದ ಮನೆಯಲ್ಲೇ ಇದ್ದರು. ಒಂದು ಲೋಟ ಕರಿಕಾಫಿ ಕೊಟ್ಟರೆ ನಮ್ಮ ಜಗಲಿಯಲ್ಲಿ ಕುಡಿಯಲು ಶುರುಮಾಡಿ, ಬೀದಿಯ ಆ ತುದಿಯ ನಲ್ಲಿಯ ಹತ್ತಿರ ಮುಗಿಸಿ, ಲೋಟವನ್ನು ಯಾರದ್ದೋ ಕಿಟಕಿಯ ಮೇಲಿಟ್ಟು ಮರೆತುಬಿಡುತ್ತಿದ್ದರು. ಕಿವಿಯ ಹಿಂದೆ ಸದಾ ಒಂದು ಬ್ರಷ್. "ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ಮನುಷ್ಯ" ಎಂದು ಅಮ್ಮ ಬೈಯುತ್ತಿದ್ದಳು. ಬೈಗುಳವೆಲ್ಲ ಲೋಟದ ಸಲುವಾಗಿ. ಕಾಫಿ ಕೊಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಅವರು ಬೋರ್ಡು ಬರೆಯುವವರು. ಗಾಳಿಬೀಡಿನಿಂದ ಶನಿವಾರಸಂತೆಯವರೆಗೆ ಎಷ್ಟೋ ಎಸ್ಟೇಟ್ ಗೇಟುಗಳಲ್ಲಿ 'ಅಪ್ಪಣೆ ಇಲ್ಲದೆ ಒಳಗೆ ಬರಬಾರದು' ಎಂದು ಗದರಿದ ಅಕ್ಷರಗಳು ಈ ಮೆತ್ತಗಿನ ಮನುಷ್ಯನವು. ಅಕ್ಷರದಲ್ಲಿ ಎತ್ತಿದ ಕೈ, ಚಿತ್ರದಲ್ಲಿ ಸೊನ್ನೆ. ಒಮ್ಮೆ 'ನಾಯಿ ಇದೆ ಎಚ್ಚರಿಕೆ' ಎಂದು ಬರೆದು ಕೆಳಗೆ ನಾಯಿಯನ್ನೂ ಬಿಡಿಸಿದ್ದರಂತೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಂದು ನೋಡಿ, "ಕರು ಚೆನ್ನಾಗುಂಟು, ನಾಯಿ ಎಲ್ಲಿ?" ಎಂದು ಕೇಳಿದನಂತೆ. ಈ ಕತೆಯನ್ನು ಹೇಳಿ ಮೊದಲು ನಗುತ್ತಿದ್ದವರು ಅವರೇ.

ಗುಡ್ಡ ಜಾರಿ ಮನೆ ಕಳೆದುಕೊಂಡ ನಮಗೆಲ್ಲ ಮಡಿಕೇರಿಯ ಹೊರಗೆ ಇಪ್ಪತ್ತು ಮನೆ ಕಟ್ಟಿಕೊಟ್ಟಿದ್ದರು. ಒಂದೇ ಅಳತೆ, ಒಂದೇ ಹಳದಿ ಗೋಡೆ, ಒಂದೇ ನೀಲಿ ಬಾಗಿಲು. ನನ್ನದು ಹದಿನಾಲ್ಕು, ಅಪ್ಪಯ್ಯಣ್ಣನದು ಹದಿನೈದು. ಹೋದ ಹೊಸತರಲ್ಲಿ ಒಂದು ಸಂಜೆ ನಾನು ಆಫೀಸಿನಿಂದ ಬಂದು, ಬ್ಯಾಗು ಎಸೆದು, "ಅಮ್ಮಾ, ಕಾಫಿ!" ಎಂದು ಕೂಗಿದರೆ, ಅಡುಗೆಮನೆಯಿಂದ ಸೆಲ್ವಿ ಸೌಟು ಹಿಡಿದು ಹೊರಗೆ ಬಂದಳು. ಅದು ಅವಳ ಮನೆ. ಎಸ್ಟೇಟಿನ ಕೂಲಿ ಲೈನಿನಲ್ಲಿದ್ದವಳು, ಅಲ್ಲಿಯವರೆಗೆ ನಾನು ಮಾತಾಡಿಸದೇ ಇದ್ದವಳು. ಅವತ್ತೂ ಮಾತಾಡಿಸದೆ, ಬ್ಯಾಗು ಎತ್ತಿಕೊಂಡು ಬಂದೆ. ನಾವೆಲ್ಲ ಹಾಗೆಯೇ ಇದ್ದೆವು. ಬೇರೆ ಬೇರೆ ಗುಡ್ಡದ ಜನ, ಬಾಗಿಲು ಹಾಕಿಕೊಂಡು, ಯಾವತ್ತು ಇಲ್ಲಿಂದ ಹೋಗುವುದೋ ಎಂದು ಕಾಯುತ್ತಿದ್ದೆವು.

ಅಪ್ಪಯ್ಯಣ್ಣನಿಗೆ ಇದನ್ನು ತಡೆಯಲಾಗಲಿಲ್ಲ. ಪೇಂಟ್ ಅಂಗಡಿಗಳಲ್ಲಿ ಉಳಿದಿದ್ದ ಡಬ್ಬಗಳನ್ನು ಕೇಳಿ ತಂದು ನಲ್ಲಿಯ ಹತ್ತಿರ ಸಾಲಾಗಿ ಇಟ್ಟರು. "ಅವರವರ ಗೋಡೆಗೆ ಅವರವರೇ ಚಿತ್ರ ಬರೀರಿ. ಚಂದ ಬೇಡ, ನಿಮ್ಮದಾದ್ರೆ ಸಾಕು" ಎಂದರು.

ಬರೆದೆವು. ಎಲ್ಲರೂ ಬರೆದದ್ದು ಒಂದೇ: ಹೋದ ಮನೆ. ಹಂಚಿನ ಮಾಡು, ಎದುರಿಗೊಂದು ಮರ, ಮೇಲೊಂದು ಸೂರ್ಯ. ಬೀದಿಯ ಉದ್ದಕ್ಕೂ ಸತ್ತ ಮನೆಗಳ ಸಾಲು. ನಮ್ಮ ಬೀದಿಯ ಚಿನ್ನಮ್ಮಜ್ಜಿ ತಾನೇ ಬರೆದ ಮನೆಯನ್ನು ನೋಡಲಾಗದೆ ಹಿತ್ತಿಲ ಬಾಗಿಲಿನಿಂದ ಓಡಾಡತೊಡಗಿದರು. ಹದಿನೈದು ದಿನ ನೋಡಿದ ಅಪ್ಪಯ್ಯಣ್ಣ ಒಂದು ಭಾನುವಾರ ಬೆಳಿಗ್ಗೆ ಆ ಚಿತ್ರಗಳನ್ನು ಅಳಿಸಲು ಸುಣ್ಣದ ಬಕೆಟ್ ಹಿಡಿದು ಹೊರಟರು. ಆ ದಿನದ ಜಗಳ ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. "ನಮ್ಮ ಮನೆಯನ್ನು ಎರಡನೇ ಸಲ ಬೀಳಿಸ್ತೀರಾ?" ಎಂದು ಕೂಗಿದವಳು ನಾನೇ.

ಅವರು ಬಕೆಟ್ ಕೆಳಗಿಟ್ಟರು. ಆದರೆ ನಿಲ್ಲಲಿಲ್ಲ, ಬಕೆಟ್ಟಿನ ಸುತ್ತ ಸುತ್ತುತ್ತಲೇ ಹೇಳಿದರು: "ತಪ್ಪು ನಂದು ಮಾರಾಯ್ತಿ. ಬೋರ್ಡು ಯಾರಾದ್ರೂ ತಮ್ಮದು ತಾವೇ ಬರ್ಕೊಳ್ತಾರಾ? ಬೇರೆಯವ ಬಂದು ಕೇಳ್ಬೇಕು, ಎಂಥ ಬರೀಲಿ ಅಂತ. ಇನ್ನು ನಿಮ್ಮ ಗೋಡೆ ನೀವು ಮುಟ್ಲಿಕ್ಕಿಲ್ಲ. ಬಲಗಡೆ ಮನೆಯದ್ದು ಬರೀಬೇಕು. ಅವರ ಮನೆಯೊಳಗೆ ಹೋಗಿ, ಕೇಳಿ ಬರೀಬೇಕು. ಕೇಳದೆ ಬರೆದ್ರೆ ನಾನು ಸುಣ್ಣ ಹೊಡೀತೇನೆ."

ಸೆಲ್ವಿಯ ಬಲಗಡೆಯವರು ಚಿನ್ನಮ್ಮಜ್ಜಿ. ಬಟ್ಟೆ ಒಗೆದ ನೀರು ಯಾರ ಅಂಗಳಕ್ಕೆ ಹರಿಯಬೇಕೆಂದು ಇಬ್ಬರಿಗೂ ಮಾತು ನಿಂತಿತ್ತು. ಆದರೂ ಸೆಲ್ವಿ ಹೋದಳು. ಅಜ್ಜಿ, "ನಂಗೆ ಎಂಥದೂ ಬೇಡ" ಎಂದು ಎರಡು ಸಲ ಅಟ್ಟಿದರು. ಮೂರನೇ ಸಲ, ಓಡಿಸುವುದಕ್ಕೆಂದೇ ಇರಬೇಕು, "ನನ್ನ ಕಡೆಯುವ ಕಲ್ಲು ಬರಿ ನೋಡುವ" ಎಂದರು. ಸೆಲ್ವಿ ಅಲ್ಲೇ ನೆಲದ ಮೇಲೆ ಕೂತು, "ಬಾಯಿ ಎಷ್ಟು ಅಗಲ ಅಮ್ಮಾ? ಗುಂಡು ಉದ್ದವಾ, ಗಿಡ್ಡವಾ?" ಎಂದು ಶುರುಮಾಡಿದಳು. ಅಜ್ಜಿ ಕೈಯಲ್ಲಿ ಅಳೆದು ತೋರಿಸಿದರು. ಆಮೇಲೆ ಆ ಕಲ್ಲಿನಲ್ಲಿ ಅರೆದ ಖಾರದ ಮಾತು ಬಂತು. ಆ ಮಾತಿಗೆ ಹಸಿವಾಗಿ ಇಬ್ಬರೂ ಒಟ್ಟಿಗೆ ಊಟ ಮಾಡಿದರು. ನೀರಿನ ಜಗಳ ಮುಗಿಯಿತು ಎಂದರೆ ಸುಳ್ಳಾಗುತ್ತದೆ. ಈಗಲೂ ಜಗಳವಾಡುತ್ತಾರೆ, ಆದರೆ ಹೆಸರು ಹಿಡಿದು ಕರೆದು ಜಗಳವಾಡುತ್ತಾರೆ.

ಹೀಗೆ ಹಳೆಯ ಚಿತ್ರಗಳಿಗೆ ಸುಣ್ಣ ಬಿದ್ದು, ಒಂದೊಂದೇ ಗೋಡೆ ಹೊಸದಾಗಿ ತುಂಬಿತು. ಒಬ್ಬರಿಗೆ ಕಡವೆ ಕೊಂಬು, ಒಬ್ಬರಿಗೆ ಏಲಕ್ಕಿ ಗಿಡ, ನನ್ನ ಗೋಡೆಗೆ ನಾನು ಶಾಲೆಗೆ ಹೋಗುತ್ತಿದ್ದ ಗಾಳಿಬೀಡಿನ ಬಸ್ಸು. ಆಟೋದವರು ನಂಬರ್ ಕೇಳುವುದನ್ನು ಬಿಟ್ಟು "ಕಡೆಯುವ ಕಲ್ಲಿನ ಮನೆಯಾ, ಬಸ್ಸಿನ ಮನೆಯಾ?" ಎಂದು ಕೇಳತೊಡಗಿದರು. ಸಂಜೆ ಬಾಗಿಲುಗಳು ತೆರೆದಿರುತ್ತಿದ್ದವು. ಇಲ್ಲಿಂದ ಹೋಗುವ ಮಾತು ಯಾವಾಗ ನಿಂತಿತೋ ಯಾರೂ ಗಮನಿಸಲಿಲ್ಲ.

ಖಾಲಿ ಉಳಿದದ್ದು ಹದಿನೈದನೇ ನಂಬರಿನ ಗೋಡೆಯೊಂದೇ. ಅದನ್ನು ಬರೆಯಬೇಕಾದವಳು ನಾನು. ಬೆಳಿಗ್ಗೆ ಬಸ್ಸಿನ ಅವಸರ, ಸಂಜೆ ಸುಸ್ತು, ಭಾನುವಾರ ಬಟ್ಟೆ. ಅಪ್ಪಯ್ಯಣ್ಣ ಎರಡು ಸಲ ನಮ್ಮ ಬಾಗಿಲೆದುರು ಅತ್ತಿತ್ತ ನಡೆಯುತ್ತಲೇ, "ಪುರುಸೊತ್ತುಂಟಾ ತಂಗೀ?" ಎಂದು ಕೇಳಿದ್ದರು. "ನಾಳೆ ಅಣ್ಣಾ" ಎಂದು ಚಪ್ಪಲಿ ಮೆಟ್ಟಿದ್ದೆ. ಕೊನೆಗೆ ಬೀದಿ ನೋಡಲು ಬಂದ ಅಧಿಕಾರಿಯೊಬ್ಬರು ಫೋಟೋ ತೆಗೆಯುತ್ತಾ, "ಇದೇಕೆ ಖಾಲಿ?" ಎಂದರು. ಇಡೀ ಬೀದಿ ನನ್ನ ಮುಖ ನೋಡಿತು. ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಆ ಸಂಜೆಯೇ ಹೋಗಿ, "ಕೂತ್ಕೊಳ್ಳಿ, ಕೇಳ್ತೇನೆ" ಎಂದೆ.

"ಕೂತ್ರೆ ಹೇಳ್ಲಿಕ್ಕೆ ಆಗೋದಿಲ್ಲ. ನಡಿ" ಎಂದರು.

ನಡೆದೆವು. ನಲ್ಲಿಯಿಂದ ಬಸ್ ಸ್ಟಾಪಿಗೆ, ಅಲ್ಲಿಂದ ನಲ್ಲಿಗೆ. ಏಳನೆಯ ಸುತ್ತಿನಲ್ಲಿ ಮಾತು ಶುರುಮಾಡಿದರು.

"ನನ್ನ ಹೆಂಡ್ತಿ ರುಕ್ಮಿಣಿ ಮನೆಗೊಂದು ಹೆಸರಿನ ಬೋರ್ಡು ಬೇಕು ಅಂತಿದ್ಲು. 'ಊರಿಗೆಲ್ಲ ಅಕ್ಷರ, ನಮ್ಮ ಬಾಗಿಲು ಬೋಳು' ಅಂತ ತಮಾಷೆ ಮಾಡ್ತಿದ್ಲು. ಹಲಗೆ ಕೊಯ್ಸಿದೆ, ಬಿಳಿ ಬಣ್ಣ ಹೊಡೆದೆ, ಅಂಚು ಎಳೆದೆ. ನಾಳೆ ಬರೀತೇನೆ, ನಾಳೆ ಬರೀತೇನೆ. ಹಲಗೆ ಬಾಗಿಲ ಹಿಂದೆ ನಿಂತೇ ಇತ್ತು. ಅವಳು ಜ್ವರ ಬಂದು ಹೋದ್ಲು. ಆಮೇಲೆ ಎರಡು ವರ್ಷಕ್ಕೆ ಗುಡ್ಡ ಬಂದು ಹಲಗೇನೂ ಹೋಯ್ತು."

"ಹಾಗಾದ್ರೆ ಆ ಹೆಸರನ್ನೇ ಗೋಡೆಗೆ ಬರೀತೇನೆ ಅಣ್ಣಾ. ಯಾವ ಹೆಸರು?"

ಅವರು ನಡಿಗೆಯನ್ನು ಇನ್ನೂ ಜೋರು ಮಾಡಿದರು. "ಅದೇ ಗೊತ್ತಿಲ್ಲ. ಅವಳ ಮನಸ್ಸಲ್ಲಿ ಒಂದು ಹೆಸರಿತ್ತು. ನಾನು ಕೇಳ್ಲೇ ಇಲ್ಲ."

ಇಡೀ ಬೀದಿಗೆ ಕೇಳುವುದನ್ನು ಕಲಿಸಿದ ಮನುಷ್ಯ! ನಾನೋ, ಆ ಮನುಷ್ಯನಿಗೇ 'ನಾಳೆ' ಎಂದು ಎರಡು ಸಲ ಹೇಳಿದವಳು.

"ಖಾಲಿ ಬೋರ್ಡು ಬರಿ" ಎಂದರು. "ಬಿಳಿ ಹಲಗೆ, ಕೆಂಪು ಅಂಚು, ಎರಡು ಮೊಳೆ. ಒಳಗೆ ಎಂಥದೂ ಬೇಡ."

ಅದಾದ ವಾರಕ್ಕೆ ಅವರ ಅಕ್ಕನಿಗೆ ಹುಷಾರಿಲ್ಲವೆಂದು ಶನಿವಾರಸಂತೆಗೆ ಹೋದರು. ನಾನು ಮೂರು ದಿನ ರಜೆ ಹಾಕಿ ಗೋಡೆ ಬರೆದೆ. ಸಂತೆಯ ದಿನ ಅಲ್ಲಿಗೇ ಹೋಗಿ, ಹಸಿಮೆಣಸಿನ ಮೂಟೆಗಳ ನಡುವೆ ಅವರನ್ನು ಹಿಡಿದು ಫೋನಿನಲ್ಲಿ ಫೋಟೋ ತೋರಿಸಿದೆ. ಮೊದಲ ಬಾರಿಗೆ ಅವರ ಕಾಲು ನಿಂತಿತು. ತುಂಬ ಹೊತ್ತು ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು, "ಎಡಗಡೆ ಅಂಚು ಸೊಟ್ಟ ಬಂದುಂಟಲ್ಲಾ. ನೀನು ಮುಟ್ಬೇಡ, ಇನ್ನೂ ಹಾಳು ಮಾಡ್ತೀಯ. ನಾನೇ ಬಂದು ತಿದ್ದುತ್ತೇನೆ" ಎಂದರು. ಮತ್ತೆ ಸಂತೆಯೊಳಗೆ ನಡೆದುಬಿಟ್ಟರು.

ಬರಲಿಲ್ಲ. ಆ ಮಳೆಗಾಲದಲ್ಲಿ, ಅಕ್ಕನ ಮನೆಯಲ್ಲೇ ಹೋಗಿಬಿಟ್ಟರು.

ಕಾಲೊನಿಯವರು ಸೇರಿ ಆ ಖಾಲಿ ಬೋರ್ಡಿನಲ್ಲಿ ಅಪ್ಪಯ್ಯಣ್ಣನ ಹೆಸರು ಬರೆಸೋಣ ಎಂದರು. ನಾನು ಬೇಡವೆಂದು ಕಿರುಚಾಡಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚಿನ್ನಮ್ಮಜ್ಜಿ ಎದ್ದು ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತರು. "ಅವನನ್ನು ಕೇಳಿದ್ದೀರಾ? ಕೇಳದೆ ಬರೀಲಿಕ್ಕಿಲ್ಲ" ಎಂದರು. ಮಾತು ಅಲ್ಲಿಗೆ ಮುಗಿಯಿತು.

ದಿನಾ ಬೆಳಿಗ್ಗೆ ಬಸ್ಸಿಗೆ ಓಡುವಾಗ ಆ ಗೋಡೆಯನ್ನು ದಾಟುತ್ತೇನೆ. ಎಡಗಡೆಯ ಅಂಚು ಕಣ್ಣಿಗೆ ಹೊಡೆಯುತ್ತದೆ. ಮನೆಯಲ್ಲಿ ಕೆಂಪು ಬಣ್ಣ ಉಳಿದಿದೆ, ಬ್ರಷ್ ಇದೆ, ಐದು ನಿಮಿಷದ ಕೆಲಸ. ಆದರೂ ಮುಟ್ಟಿಲ್ಲ. ಅವರೇ ಬಂದು ತಿದ್ದುತ್ತೇನೆ ಅಂದಿದ್ದಾರೆ.