ಗುರಾಣಿಯವ, ಮದ್ದಿನಾಕಿ, ನರಿ

ಮೂವತ್ತು ದಾಟಿದ ಮೇಲೂ ನಾನು ಕಾರ್ಟೂನು ನೋಡುತ್ತೇನೆಂಬುದು ನಮ್ಮ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾನ್ವಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು ನಾನು. ಭಾನುವಾರ ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಜಪಾನಿನ ಒಂದು ಸರಣಿ ಹಚ್ಚುತ್ತಿದ್ದೆ. ಅದು ಆನ್‌ಲೈನ್ ಆಟವೊಂದರ ಕತೆ. ಅಂಥ ಆಟ ನಿಜವಾಗಿ ಎಲ್ಲೂ ಇಲ್ಲ, ಕತೆಗಾಗಿ ಹುಟ್ಟಿಸಿದ್ದು. ಬೇರೆ ಬೇರೆ ಊರಿನ ಮೂವರು ತಮ್ಮ ಮನೆಗಳಲ್ಲೇ ಕೂತು ಆ ಆಟದೊಳಗೆ ವೇಷ ಹಾಕಿ, ಒಂದೇ ತಂಡವಾಗಿ ಕಾಡು ಕೋಟೆ ಸುತ್ತುತ್ತಾರೆ. ಆಟದ ಹೊರಗೆ ಒಬ್ಬರ ಮುಖ ಒಬ್ಬರು ಕಂಡವರಲ್ಲ.

ಒಂದು ಭಾನುವಾರ ಅಪ್ಪ ಹಿಂದೆ ಬಂದು ನಿಂತಿದ್ದ. ಅವನು ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತನಾದವನು. ಯಾಪಲದಿನ್ನಿಯಲ್ಲಿ ಅಜ್ಜ ಕಂಡವರ ಹೊಲದಲ್ಲಿ ದುಡಿದು ಸಾಕಿದ ಮಗ. ಖಾಕಿ ಅಂಗಿ ತೊಟ್ಟ ಮೇಲೇ ನಮ್ಮ ಮನೆಗೆ ಗೋಡೆ ಎದ್ದದ್ದು.

"ಏನಿದು ಬೇ, ಗೊಂಬಿ ಆಟ?" ಎಂದ.

ನಾನು ನಾಚಿಕೊಂಡೇ ಹೇಳಿದೆ. ಪರದೆಯ ಮೇಲೆ ದೊಡ್ಡ ಗುರಾಣಿ ಹಿಡಿದ ಧಡಿಯನೊಬ್ಬ ಮೆಲ್ಲಗೆ ನಡೆಯುತ್ತಿದ್ದ. ಆಟದ ಹೊರಗೆ ಅವನು ಲಾರಿ ಓಡಿಸುವವನು, ದಿನದ ಕೆಲಸ ಮುಗಿಸಿ ಬಂದು ಆಡುತ್ತಾನೆ ಎಂದೆ.

"ಲಾರಿ ಡ್ರೈವರ? ಅಂದ್ರ ನಮ್ಮ ಪೈಕಿನ ಆದ" ಎಂದು ಕುರ್ಚಿ ಎಳೆದುಕೊಂಡು ಕೂತ.

ಅಂದಿನಿಂದ ಭಾನುವಾರ ನಮ್ಮಿಬ್ಬರದಾಯಿತು. ಕೆಳಗೆ ಬರುವ ಇಂಗ್ಲಿಷ್ ಓದಿ ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಜಪಾನಿ ಹೆಸರುಗಳು ಅವನ ನಾಲಿಗೆಗೆ ಒಗ್ಗಲಿಲ್ಲ, ತಾನೇ ಹೆಸರಿಟ್ಟ. ಗುರಾಣಿ ಹಿಡಿದವನು ಗುರಾಣಿಯವ. ಗಾಯಕ್ಕೆ ಮದ್ದು ಹಚ್ಚುತ್ತ, ಹಚ್ಚುವಾಗೆಲ್ಲ ಬೈಯುವವಳು ಮದ್ದಿನಾಕಿ. ಅವಳನ್ನು ನೋಡಿದಾಗೆಲ್ಲ ಅಡುಗೆಮನೆಯ ಕಡೆ ಕಣ್ಣು ಹೊಡೆದು, "ಥೇಟ್ ನಿಮ್ಮವ್ವ" ಎನ್ನುತ್ತಿದ್ದ. ಮೂರನೆಯವನಿಗೆ ನರಿಯ ಕಿವಿ ಇದ್ದವು. ಎಲ್ಲರಿಗಿಂತ ಮುಂದೆ ಓಡಿ ಹಾದಿ ನೋಡಿ, ಹಳ್ಳ ಬಂತು, ಸೇತುವೆ ಬಂತು ಎಂದು ಕೂಗುವವನು. ಬಾಯಿಗೆ ಬಿಡುವಿಲ್ಲ. ಅಪ್ಪನಿಗೆ ಅವನೆಂದರೆ ಪ್ರಾಣ.

"ಇವ ನಮ್ಮ ಕಂಡಕ್ಟರ್ ಇದ್ದಂಗ ಅದಾನ ನೋಡು. ಬಾಗ್ಲಾಗ ನಿಂತು ಬರೇ ಒದರೂದು."

ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅಪ್ಪ ಚಹಾದ ಕಪ್ಪು ಹಿಡಿದಿದ್ದವನು ಹಾಗೇ ಕೈಬಿಟ್ಟ. ಬಾಯಿ ಒಂದು ಕಡೆ ಸೊಟ್ಟಗಾಯಿತು. ಲಕ್ವಾ. ರಾಯಚೂರಿಗೆ ಓಡಿದೆವು. ಜೀವ ಉಳಿಯಿತು, ಕಾಲಿಗೆ ಬಲ ಬಂತು, ಬಲಗೈ ಸ್ವಲ್ಪ ಸ್ವಲ್ಪ ಏಳತೊಡಗಿತು. ಮಾತು ಮಾತ್ರ ಹೋಗಿಬಿಟ್ಟಿತ್ತು. ಎದುರಿಗಿರುವ ನೀರನ್ನು ತೋರಿಸಿ "ಏನಿದು" ಎಂದರೆ ತುಟಿ ನಡುಗುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಶಬ್ದ ಬರುತ್ತಿರಲಿಲ್ಲ.

ಮನೆಗೆ ಕರೆತಂದ ಮೇಲೆ ವಾರಕ್ಕೊಮ್ಮೆ ಮಾತಿನ ತರಬೇತಿಗೆಂದು ರಾಯಚೂರಿಗೆ ಒಯ್ಯುತ್ತಿದ್ದೆ. ಅಲ್ಲಿನ ಡಾಕ್ಟರಮ್ಮ ಚಿತ್ರದ ಕಾರ್ಡು ಹಿಡಿದು ಮಗುವಿಗೆ ಕಲಿಸಿದಷ್ಟು ತಾಳ್ಮೆಯಿಂದ ಕಲಿಸುತ್ತಿದ್ದರು. ಅಪ್ಪ ಕಾರ್ಡು ತಳ್ಳಿಬಿಡುತ್ತಿದ್ದ.

ಒಂದು ದಿನ ಅವ್ವ ಗುಳಿಗೆ ನುಂಗಿಸಲು ಹೋದಳು. ಅಪ್ಪ ಅವಳನ್ನೇ ದಿಟ್ಟಿಸಿ, ನಿಧಾನಕ್ಕೆ, ಕಲ್ಲು ಎತ್ತಿದವನಂತೆ, ಅಂದ: "ಮದ್ದಿ... ನಾಕಿ."

ಅವ್ವ ಗುಳಿಗೆ ಹಿಡಿದೇ ನಿಂತಳು. ತಿಂಗಳುಗಟ್ಟಲೆ ಕಾದ ಮೇಲೆ ಗಂಡನ ಬಾಯಿಂದ ಬಂದ ಮೊದಲ ಮಾತು ಅದು, ಅವಳಿಗೆ ಅರ್ಥವಾಗಲಿಲ್ಲ. ಸಂಜೆಗೆ ಇನ್ನೊಂದು ಮಾತು ಬಂತು. "ನರಿ." ಮರುದಿನವೂ ಅದೇ. ಬಾಗಿಲ ಕಡೆ ಎಡಗೈ ಚಾಚಿ "ನರಿ, ನರಿ" ಎಂದು ಗೋಗರೆಯುವನು. ನೋಡಲು ಬಂದ ಪಕ್ಕದ ಮನೆಯವರು ಅವ್ವನನ್ನು ಸಮಾಧಾನ ಮಾಡಿದರು: "ನರಿ ಮುಖ ನೋಡಿದ್ರ ಚಲೋ ಆಗ್ತದ ಅಂತಾರಲ್ರೀ, ಒಳ್ಳೇದಾತು ಬಿಡ್ರಿ." ಆದರೆ ಹೊಸ್ತಿಲು ದಾಟುವಾಗ ಪಿಸುಗುಟ್ಟಿದ್ದು ನಮಗೂ ಕೇಳಿಸಿತು. ತಲಿ ಕೆಟ್ಟದ, ಪಾಪ.

ಅವ್ವ ಹಿತ್ತಲಿನ ಕಲ್ಲಿನ ಮೇಲೆ ಕೂತುಬಿಟ್ಟಳು. "ಕೈ ಹೋದ್ರ ನಾ ಉಣಿಸ್ತೀನಿ. ಕಾಲ ಹೋದ್ರ ಹಿಡಕೊಂಡು ನಡಸ್ತೀನಿ. ಬುದ್ಧಿನ ಹೋದ್ರ ನಾ ಏನ್ ಮಾಡ್ಲಿ?"

"ಯವ್ವಾ, ಬುದ್ಧಿ ಹೋಗಿಲ್ಲ. ಆ ಕಾರ್ಟೂನಿನ್ಯಾಗ ಮದ್ದು ಹಚ್ಚಾಕಿ ಒಬ್ಬಾಕಿ ಅದಾಳ. ಆಕೀ ಹೆಸರು ಹಿಡದು ನಿನ್ನ ಕರಿಯಾಕತ್ತಾನ."

"ನನ್ನ?"

"ನಿನ್ನ. ಮೊದಲಿಂದ್ಲೂ ಥೇಟ್ ನಿಮ್ಮವ್ವ ಅಂತಿದ್ದ."

ಅವಳು ನಂಬಿದಳೋ ಇಲ್ಲವೋ, ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಇದನ್ನು ಡಾಕ್ಟರಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವರ ದನಿ ಅರಳಿತು. "ಭಾಳ ಚಲೋ ಸುದ್ದಿ ಹೇಳಿದ್ರಿ ಟೀಚರ್. ಮಾತು ಯಾವ ದಾರಿಲೆ ಬರ್ತದೋ ಆ ದಾರಿ ಬಿಡಬ್ಯಾಡ್ರಿ. ನಾ ಕಾರ್ಡ್ ಬದಿಗಿಡ್ತೀನಿ, ಮುಂದಿನ ಸಲ ಆ ಗೊಂಬಿ ಚಿತ್ರಾನ ತರ್ರಿ."

ನಾನು ಅಪ್ಪನ ಮಂಚದ ಅಂಚಿಗೆ ಕೂತು ಲ್ಯಾಪ್‌ಟಾಪು ತೆರೆದೆ. ನರಿಕಿವಿಯವನನ್ನು ತೋರಿಸಿ, "ಯಪ್ಪಾ, ಇವನ ಕೇಳಾಕತ್ತೀ ಏನು?" ಎಂದೆ.

ಅವನು ಅಲ್ಲವೆಂದು ತಲೆಯಾಡಿಸಿದ. ಪರದೆಯನ್ನು ಎಡಗೈಯಿಂದ ಸರಿಸಿ ಮತ್ತೆ ಬಾಗಿಲು ತೋರಿಸಿದ.

"ನಿಜವಾದ ಮನಿಷಾ ಏನು?"

ಹೌದೆಂದ ತಲೆ ಎಷ್ಟು ಜೋರಾಗಿ ಆಡಿತೆಂದರೆ ದಿಂಬು ಜಾರಿತು.

"ಕಂಡಕ್ಟರ್ ಕಾಕಾ?"

ಅಪ್ಪ ನನ್ನ ಮುಂಗೈ ಹಿಡಿದು ಅತ್ತ. ದುಃಖದ ಅಳುವಲ್ಲ ಅದು. ಬಹಳ ಹೊತ್ತು ಮುಚ್ಚಿದ ಬಾಗಿಲು ಬಡಿದವನಿಗೆ ಒಳಗಿನಿಂದ ಯಾರೋ ಓಗೊಟ್ಟರೆ ಹೇಗಾಗುತ್ತದೋ ಹಾಗೆ.

ರಾಯಚೂರು–ದೇವದುರ್ಗ ದಾರಿಯಲ್ಲಿ ಅಪ್ಪ ವರ್ಷಗಟ್ಟಲೆ ಬಸ್ಸು ಓಡಿಸಿದ್ದು ಅವರ ಜೊತೆಗೇ. ನಿವೃತ್ತರಾಗಿ ಅರಕೇರಾದ ತಮ್ಮ ಹೊಲದಲ್ಲಿದ್ದರು. ಫೋನು ಹತ್ತಲಿಲ್ಲ. ಮರುದಿನ ಶಾಲೆಗೆ ರಜೆ ಹಾಕಿ ಬಸ್ಸು ಹತ್ತಿದೆ. ಅರಕೇರಾದಲ್ಲಿ ಕೇಳಿಕೊಂಡು ಹೋದರೆ ಕಾಕಾ ಹಣೆಗೆ ವಿಭೂತಿ ಹಚ್ಚಿಕೊಂಡು ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಅಪ್ಪನಿಗೆ ಲಕ್ವಾ ಹೊಡೆದದ್ದೇ ಅವರಿಗೆ ತಿಳಿದಿರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ, ಸರಣಿಯ ಕತೆಯನ್ನೂ ಬಿಡದೆ.

"ನನ್ನ ನರಿ ಅಂದ್ನಾ?" ಎಂದು ಗಟ್ಟಿಯಾಗಿ ನಕ್ಕರು. ನಗುತ್ತಲೇ ಮೊರ ಕೆಳಗಿಟ್ಟು, ಒಳಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು. ಹೊರಬಂದಾಗ ಬಿಳಿ ಅಂಗಿ ತೊಟ್ಟಿದ್ದರು. "ನಡಿ ಯವ್ವಾ, ಇನ್ನಾ ಯಾಕ ನಿಂತೀ?"

ಮಾನ್ವಿಯ ನಮ್ಮ ಮನೆಯ ಬಾಗಿಲಲ್ಲೇ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದರು: "ಏನ್ರೀ ಡ್ರೈವರ್ ಸಾಹೇಬ್ರ, ಗಾಡಿ ಸೈಡಿಗೆ ಹಾಕಿ ಮಲಗೀರಿ? ಪ್ಯಾಸೆಂಜರ್ ಬೈಯಾಕತ್ಯಾರ!"

ಅಪ್ಪ ಏಳಲು ಹವಣಿಸಿದ. ಕಾಕಾ ಓಡಿ ಬಂದು ತೋಳಿಗೆ ತೋಳು ಕೊಟ್ಟು ಕೂರಿಸಿದರು. ಆಮೇಲೆ ಮೂಗು ಸೀಟಿಕೊಂಡು, ತಮಗೆ ಬರುವುದನ್ನೇ ಶುರು ಮಾಡಿದರು.

"ರಾಯಚೂರ ಬಿಟ್ಟೀವಿ ನೋಡಪಾ. ಮಂದಿ ಭಾಳ ಅದಾರ. ಮುಂದ ಯಾವ ಊರು?"

ಅಪ್ಪನ ತುಟಿ ಅಲುಗಿತು. ಅವ್ವ ಅಡುಗೆಮನೆಯ ಬಾಗಿಲಲ್ಲಿ ಲಟ್ಟಣಿಗೆ ಹಿಡಿದು ನಿಂತಿದ್ದಳು.

"ಗ... ಗಬ್ಬೂರ" ಎಂದ ಅಪ್ಪ.

"ಗಬ್ಬೂರ್ ಇಳಿಯಾವರು ಬರ್ರಿ! ಮುಂದ?"

"ದೇವದುರ್ಗ." ಇದು ತಡವರಿಸದೆ ಬಂತು.

"ಆಮ್ಯಾಲ ನಾ ಮನಿಗೆ ಹೋಗೂದು ಯಾವ ಊರಿಗೆ?"

"ಅರಕೇರಾ. ನಿನ್ನ... ಊರು." ಅಪ್ಪ ಕಾಕಾನ ಮುಖ ನೋಡಿ ತಾನಾಗಿಯೇ ಸೇರಿಸಿದ, "ತಡಾ... ಮಾಡಿ ಬಂದಿ ಲೇ."

ಕಾಕಾ ಅವನನ್ನು ತಬ್ಬಿಕೊಂಡರು. ಅವ್ವ ಒಳಗೆ ಹೋದಳು. ಒಲೆಯ ಮುಂದೆ ಬಿಕ್ಕುತ್ತಿದ್ದಾಳೆಂದು ಹೋಗಿ ನೋಡಿದರೆ ನಗುತ್ತಿದ್ದಳು. "ಬೈಯಾಕ ಬಂತು ನೋಡು. ಬುದ್ಧಿ ಇದ್ದಾವಗ ಬೈಯಾಕ ಬರ್ತದ" ಎಂದು ರೊಟ್ಟಿ ಬಡಿಯತೊಡಗಿದಳು. ಆ ಬಡಿತ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಕೇಳಿ ಬಹಳ ದಿನವಾಗಿತ್ತು. ಕಾಕಾ ಉಂಡು ಸಂಜೆಯ ಬಸ್ಸಿಗೆ ಹೋಗುವಾಗ, ವಾರಕ್ಕೊಮ್ಮೆ ಬರುತ್ತೇನೆಂದರು, ಬಂದರು ಕೂಡ.

ಊರುಗಳ ಹಿಂದೆ ಬೇರೆ ಮಾತುಗಳು ಒಂದೊಂದಾಗಿ ಬಂದವು. ಚಾವಿ, ಚಪ್ಪಲಿ, ಚಹಾ. ಡಾಕ್ಟರಮ್ಮ ನಮ್ಮ ಸರಣಿಯ ಚಿತ್ರಗಳನ್ನು ತಮ್ಮ ಮೇಜಿನ ಮೇಲೆ ಹರಡಿ, ಗುರಾಣಿಯವ ಯಾಕೆ ಸಿಟ್ಟಾಗಿದ್ದಾನೆ, ಮದ್ದಿನಾಕಿ ಏನನ್ನುತ್ತಾಳೆ ಎಂದು ಕೇಳುತ್ತಿದ್ದರು. ಅಪ್ಪ ತೊದಲಿಯೇ ಕತೆ ಕಟ್ಟುತ್ತಿದ್ದ, ಕೆಲವೊಮ್ಮೆ ಸರಣಿಯಲ್ಲಿ ಇಲ್ಲದ್ದನ್ನೂ. ಈಗಲೂ ದೊಡ್ಡ ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ, ನನ್ನ ಹೆಸರಿಗೆ ಒಮ್ಮೊಮ್ಮೆ ತಡಕಾಡುತ್ತಾನೆ. ನಮಗೆ ಅದರ ಅವಸರವಿಲ್ಲ.

ಮೊನ್ನೆ ಊಟಕ್ಕೆ ಕೂತಾಗ ಅಪ್ಪ, "ಪುಂಡಿಪಲ್ಯಕ್ಕ ಉಪ್ಪ... ಕಡಿಮಿ" ಎಂದ. ಅವ್ವ ಉಪ್ಪಿನ ಡಬ್ಬಿಯನ್ನು ಅವನ ತಾಟಿನ ಮುಂದೆ ತಳ್ಳಿ, "ಹಾಕ್ಕೋ, ಈಗ ಕೈ ನೆಟ್ಟಗದಾವ" ಎಂದಳು. ಅವನು ಬಲಗೈಯಿಂದಲೇ ಹಾಕಿಕೊಂಡ, ಸ್ವಲ್ಪ ಹೆಚ್ಚಾಯಿತು. ಅದನ್ನೇ ರೊಟ್ಟಿಗೆ ಹಚ್ಚಿಕೊಂಡು ಉಂಡ.