ಅತ್ತೆಯ ಅವ್ವನ ಮುಖ

ಅತ್ತೆ ತೊಟ್ಟಿಲಲ್ಲಿದ್ದಾಗಲೇ ಅವರ ಅವ್ವ ತೀರಿಕೊಂಡಿದ್ದರು. ಉಳಿದದ್ದು ಕನ್ನೊಳ್ಳಿಯ ತವರುಮನೆಯ ಗೋಡೆಯ ಮೇಲಿನ ಒಂದು ಗುಂಪು ಫೋಟೊ. ಅದರಲ್ಲಿ ಅವ್ವನ ಮುಖ ಕಡಲೆಕಾಳಿನಷ್ಟು. ಗಾಜಿನ ಮೇಲೆ ದಿನವೂ ಹಚ್ಚಿದ ವಿಭೂತಿ, ಕುಂಕುಮ. ಅದನ್ನು ದೊಡ್ಡದು ಮಾಡಿಸಿ ಒಮ್ಮೆ ಕಣ್ತುಂಬ ನೋಡಬೇಕೆಂಬುದೇ ಅತ್ತೆಯ ಆಸೆ.

ನಮ್ಮವರ ಹೊಸ ಮೊಬೈಲಿನಲ್ಲಿ ಕ್ಯಾಮೆರಾ ಇತ್ತು. ಪೂಜೆಯ ಫೋಟೊ ಇಳಿಸಬಾರದೆಂದು ಗಾಜಿನ ಮೇಲಿಂದಲೇ ಚಿತ್ರ ತೆಗೆದು ತಂದರು. ಆ ಪುಟ್ಟ ಪರದೆಯಲ್ಲಿ ಎಷ್ಟು ಚೆಂದ ಕಂಡಿತು! ಮರುದಿನವೇ ಅತ್ತೆಯೂ ನಾನೂ ಮುದ್ದೇಬಿಹಾಳದ ಸ್ಟುಡಿಯೊಗೆ ಓಡಿದೆವು.

ಸ್ಟುಡಿಯೊದವರು ಕಂಪ್ಯೂಟರಿನಲ್ಲಿ ಮುಖವನ್ನು ಹಿಗ್ಗಿಸಿದರು. ಕಣ್ಣು, ಮೂಗು ಹೋಗಿ ಬೂದು ಚೌಕಗಳಷ್ಟೇ ಉಳಿದವು.

“ಇದೇನ್ರಿ, ನಮ್ಮವ್ವನ್ನ ತ್ಯಾಪಿ ಹಚ್ಚಿದ ಕೌದಿ ಮಾಡಿಬಿಟ್ರಿ?” ಎಂದರು ಅತ್ತೆ.

“ಇವಕ್ಕ ಪಿಕ್ಸೆಲ್ ಅಂತಾರ್ರಿ ಅಮ್ಮಾರ. ಇಡೀ ಫೋಟೊದಾಗ ಮೂರು ಲಕ್ಷ ಅದಾವು, ಈ ಮುಖಕ್ಕ ಬಂದದ್ದು ಒಂದು ಮುಷ್ಟಿ. ಎಷ್ಟ ಹಿಗ್ಗಿಸಿದ್ರೂ ಹೊಸಾವು ಹುಟ್ಟಂಗಿಲ್ರಿ. ರೆಸೊಲ್ಯೂಶನ್ ಸಾಲಂಗಿಲ್ರಿ.”

ನನಗೆ ತಟ್ಟನೆ ಕಾನ್ವೆಂಟಿನ ಹೊಲಿಗೆ ತರಗತಿ ನೆನಪಾಯಿತು. ದಪ್ಪ ಎಳೆಯ ಬಟ್ಟೆಯಲ್ಲಿ ಎಳೆ ಎಣಿಸಿ ಕಸೂತಿಯ ಗುಲಾಬಿ ಹಾಕಿದರೆ ದಳವೆಲ್ಲ ಮೆಟ್ಟಿಲು ಮೆಟ್ಟಿಲು. ಸಣ್ಣ ಎಳೆಯದರಲ್ಲಿ ಅದೇ ದಳ ನುಣ್ಣಗೆ.

“ಅತ್ತ್ಯಾರ, ಎಳಿ ಸಣ್ಣ ಇರಬೇಕ್ರಿ! ಒಂದ ಇಂಚಿನಾಗ ಎಷ್ಟು ಚುಕ್ಕಿ ಕೂಡತಾವು, ಅದ ರೆಸೊಲ್ಯೂಶನ್!” ಎಂದು ಅಂಗಡಿಯಲ್ಲೇ ಕೂಗಿಬಿಟ್ಟೆ.

“ಬರೋಬ್ಬರಿ ಹೇಳಿದ್ರಿ ಅಕ್ಕಾರ,” ಸ್ಟುಡಿಯೊದವರು ನಕ್ಕರು. “ಅಸಲ ಫೋಟೊ ತರ್ರಿ. ಇಂಚಿಗೆ ಹನ್ನೆರಡು ನೂರು ಚುಕ್ಕಿ ಇಟ್ಟು ಸ್ಕ್ಯಾನ್ ಮಾಡ್ತೇನಿ. ಆದ್ರ ಗಾಜು ಬಿಚ್ಚಬೇಕ್ರಿ.”

ಕನ್ನೊಳ್ಳಿಯಲ್ಲಿ ಅತ್ತೆಯ ಅಣ್ಣ ಒಪ್ಪಲಿಲ್ಲ. “ಪೂಜಿ ಫೋಟೊ ಬಿಚ್ಚಿದ್ರ ಮನಿಗೆ ಚಲೋ ಅಲ್ಲ ತಂಗಿ.”

“ನೀ ಆಕಿ ತೊಡಿಮ್ಯಾಲ ಕುಂತು ಉಂಡಾಂವ. ನಾ ಆಕಿ ಮಾರೀನ ನೋಡಿಲ್ಲೋ ಯಣ್ಣಾ.”

ಅಣ್ಣ ತಾವೇ ಫೋಟೊ ಇಳಿಸಿ, ಮುಂದೆ ಕಾಯಿ ಒಡೆದು, ಚೌಕಟ್ಟಿನ ಮೊಳೆ ಕಿತ್ತರು. ಹೊಸ ಟವೆಲಿನಲ್ಲಿ ಸುತ್ತಿ, ಬಸ್ಸಿನುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡು ನಮ್ಮೊಡನೆ ಬಂದರು.

ಸ್ಕ್ಯಾನರಿನ ಬೆಳಕು ಇರುವೆಯಂತೆ ಸರಿಯಿತು. ಪರದೆಯ ಮೇಲೆ ಮುಖ ಹಿಗ್ಗಿತು, ಇನ್ನೂ ಹಿಗ್ಗಿತು, ಒಡೆಯಲಿಲ್ಲ! ಬೈತಲೆ, ನತ್ತು, ಗದ್ದದ ಮೇಲೊಂದು ಹಚ್ಚೆಯ ಬೊಟ್ಟು.

“ಹಚ್ಚಿ ಹಾಕಿಸಿದ್ಲೇನೋ ಯಣ್ಣಾ? ಒಮ್ಮೆರ ಹೇಳಬಾರದೇನೋ?”

ಅಣ್ಣ ಪರದೆಯ ಹತ್ತಿರ ಬಗ್ಗಿದರು. “ನನಗೂ ಮರತಿತ್ತವ್ವ,” ಎಂದರು.