ಅಜ್ಜಿ ದೈತ್ಯನಾದ ಬೇಸಗೆ

ಆಗೆಲ್ಲ ಬೇಸಗೆ ರಜೆ ಬಂತೆಂದರೆ ಮೂಡಬಿದಿರೆಯ ನಮ್ಮ ಹಿತ್ತಲಲ್ಲಿ ಕಾಟುಮಾವಿನ ಸೊನೆಯ ವಾಸನೆ, ಚಾಪೆಯ ಮೇಲೆ ಒಣಗುವ ಹಲಸಿನ ಹಪ್ಪಳ, ಸಂಜೆ ಲಗೋರಿ. ಆ ವರ್ಷ ಮಾತ್ರ ಲಗೋರಿಯನ್ನು ಯಾರೂ ನೆನೆಯಲಿಲ್ಲ. ಬೆಳ್ತಂಗಡಿಯಲ್ಲಿ ಸಂಗೀತ ಟೀಚರಾಗಿದ್ದ ಸುಮತಿ ಅತ್ತೆ ಹಳೆಯ ಮಕ್ಕಳ ಸಿನಿಮಾವೊಂದರ ಡಿವಿಡಿ ತಂದಿದ್ದರು. ಮೋಡದ ಮೇಲಿನ ದೈತ್ಯ ಪುಟ್ಟ ಹುಡುಗನನ್ನು ಹೊತ್ತೊಯ್ಯುತ್ತಾನೆ. ಅಕ್ಕ ಹಾಡಿ ದೈತ್ಯನನ್ನು ಮಲಗಿಸಿ ತಮ್ಮನನ್ನು ಬಿಡಿಸುತ್ತಾಳೆ. ಎದ್ದ ದೈತ್ಯ ಸಿಟ್ಟಾಗದೆ ತಾನೂ ಹಾಡುತ್ತಾನೆ. ನಾವು ನೋಡಿ ನೋಡಿ ಬಾಯಿಪಾಠ ಮಾಡಿದ ಮೇಲೆ, ಇದನ್ನೇ ಹಾಡಿನ ನಾಟಕ ಮಾಡುವ ಅಂದರು ಅತ್ತೆ.

ಕನ್ನಡದ ಹಾಡುಗಳನ್ನು ಅವರೇ ಕಟ್ಟಿದರು. ಅಕ್ಕ ನಾನು, ಹುಡುಗ ನನ್ನ ತಮ್ಮ ವಿನು. ದೈತ್ಯನಿಗೆ ಅಪ್ಪನೇ ಸರಿ ಎಂದು ಎಲ್ಲರಿಗೂ ಅನಿಸಿತ್ತು. ಎತ್ತರದ ಆಳು, ದಪ್ಪ ದನಿ. ಆದರೆ ಮನೆಗೆ ಅಂಟಿಕೊಂಡಿದ್ದ ನಮ್ಮ ಜವಳಿ ಅಂಗಡಿಯಿಂದ ಅವರು ಏಳಲಿಲ್ಲ. ತನಗೆ ಅದೆಲ್ಲ ಬರುವುದಿಲ್ಲವೆಂದು, ಮೋಡಕ್ಕೆ ಬೇಕಾದಷ್ಟು ಬಿಳಿ ಬಟ್ಟೆ ಮಾತ್ರ ಕೊಟ್ಟರು.

ನನ್ನ ಹೆಗಲೆತ್ತರದ ಅಜ್ಜಿ ಮುಂದೆ ಬಂದರು. "ದೈತ್ಯ ನಾನಾಗ್ತೇನೆ. ಮಲಗುವ ಪಾರ್ಟು ಉಂಟಲ್ಲ, ನನಗೆ ಅದೇ ಸಾಕು."

ನಮ್ಮದು ಜೈನರ ಮನೆ, ಅಜ್ಜಿ ಸೂರ್ಯ ಮುಳುಗಿದ ಮೇಲೆ ಉಣ್ಣುವವರಲ್ಲ. ಹಾಗಾಗಿ ನಾಟಕ ಮಧ್ಯಾಹ್ನವೇ. ಹಿತ್ತಲ ತುಂಬ ನೆರೆಯವರು, ಕೈಯಲ್ಲಿ ಪುನರ್ಪುಳಿ ಶರಬತ್ತು. ಕಾಡಿಗೆಯ ಮೀಸೆ ಬರೆದು, ತೀರಿಹೋದ ಅಜ್ಜನ ಕೋಟು ಹಾಕಿ ಬಂದ ಅಜ್ಜಿಯನ್ನು ನೋಡಿ ಜನ ನಕ್ಕದ್ದೇ ನಕ್ಕದ್ದು. ನಾನು ಹಾಡಿದೆ. ಅಜ್ಜಿ ಮೋಡದ ಮೇಲೆ ಮಲಗಿದರು. ವಿನು ಬಿಡುಗಡೆಯಾದ. ದೈತ್ಯ ಏಳಬೇಕಿತ್ತು, ಏಳಲಿಲ್ಲ.

ಮತ್ತೊಮ್ಮೆ ಹಾಡಿದೆ. ಕೈ ಮುಟ್ಟಿದೆ, ತಣ್ಣಗಿತ್ತು. ಆಗಲೇ ನೆನಪಾದದ್ದು, ಅಂದು ಅಷ್ಟಮಿ, ಅಜ್ಜಿಯ ಉಪವಾಸದ ದಿನ. ಬೆಳಗಿನಿಂದ ಬಿಸಿನೀರು ಬಿಟ್ಟರೆ ಬೇರೇನೂ ಮುಟ್ಟಿರಲಿಲ್ಲ. ಅತ್ತೆಯ ಹಾರ್ಮೋನಿಯಂ ನಿಂತಿತು.

ಅಂಗಡಿಯ ಹಿಂಬಾಗಿಲಲ್ಲಿ ನಿಂತಿದ್ದ ಅಪ್ಪ ಚಪ್ಪಲಿಯಲ್ಲೇ ಓಡಿಬಂದರು. ಅವರು "ಅಮ್ಮಾ" ಎಂದು ಕರೆದ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಅಜ್ಜಿ ಕಣ್ಣು ಬಿಟ್ಟರು. "ನಾಟಕ ಮುಗಿಂಡಾ?" ಎಂದರು ನಿದ್ದೆಗಣ್ಣಿನ ತುಳುವಿನಲ್ಲಿ. ಎಲ್ಲ ಮುಗಿಯಿತೆಂದೇ ತಿಳಿದಿದ್ದರು ಪಾಪ, ಅಷ್ಟು ಗಾಢ ನಿದ್ದೆ. ಹಿತ್ತಲಿಗೆ ಹಿತ್ತಲೇ ನಕ್ಕಿತು. ಎದ್ದು ಕುಳಿತರೂ ಹಾಡಲು ತ್ರಾಣವಿರಲಿಲ್ಲ. ಅಂಗಡಿಗೆ ಮರಳಹೊರಟ ಅಪ್ಪನ ಕೈ ಹಿಡಿದುಕೊಂಡರು.

"ಹೇಗೂ ಬಂದಿದ್ದೀಯಲ್ಲ ಮಗ. ನನ್ನದನ್ನು ನೀನು ಹಾಡು."

ಅಪ್ಪ ಜನರನ್ನು ನೋಡಿದರು. ಚಪ್ಪಲಿ ಕಳಚಿ ಪಕ್ಕಕ್ಕಿಟ್ಟರು. ಆಮೇಲೆ ಹಾಡಿದರು, ಒಂದು ಸಾಲೂ ತಪ್ಪದೆ. ರಜೆಯುದ್ದಕ್ಕೂ ಅಂಗಡಿಯಲ್ಲಿ ಕುಳಿತೇ ಕಲಿತಿದ್ದರು. ಅತ್ತೆ ನುಡಿಸುವುದನ್ನು ಮರೆತು ಅಣ್ಣನನ್ನೇ ನೋಡುತ್ತಿದ್ದರು. ಶಾಲೆಯಲ್ಲಿದ್ದಾಗ ದಿನವೂ ಅಪ್ಪನದೇ ಪ್ರಾರ್ಥನೆಯಂತೆ. ಅಜ್ಜ ಹೋಗಿ ಅಂಗಡಿ ತಲೆಗೆ ಬಿದ್ದ ಮೇಲೆ ಹಾಡು ನಿಂತದ್ದಂತೆ. ಕೊನೆಯ ಸಾಲಿಗೆ ನಾನೂ ವಿನುವೂ ದನಿ ಸೇರಿಸಿದೆವು. ಅಷ್ಟು ಸಂತೋಷವಾಗಿ ನಾನು ಮತ್ತೆಲ್ಲೂ ಹಾಡಿಲ್ಲ.

ಅಜ್ಜಿ ಈಗಿಲ್ಲ. ಅದೇ ಸಿನಿಮಾ ಫೋನಿನಲ್ಲೇ ಸಿಗುತ್ತದೆ. ನನ್ನ ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬಳೇ ನೋಡಿ ಒಬ್ಬಳೇ ನಗುತ್ತಾಳೆ. ವಯಸ್ಸಾಗಿ ಅಪ್ಪನ ದನಿ ಬಿದ್ದುಹೋಗಿದೆ. ಅಂದಿನ ಮೇಲೆ ಅವರು ಹಾಡಲಿಲ್ಲ, ಹಾಡಿ ಎಂದು ನಾವು ಕೇಳಲೂ ಇಲ್ಲ. ಮುಂದಿನ ರಜೆಗೆ ಕೇಳಿದರಾಯಿತು ಅಂದುಕೊಳ್ಳುತ್ತಲೇ ರಜೆಗಳು ಮುಗಿದವು.